ಹಣೆಬರಹಕ್ಕೆ ಹೊಣೆ ಯಾರು? ಈಡಿಪಸ್ ಹೇಳುವುದು

ಪ್ರಶ್ನೆ: ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ಈಡಿಪಸ್ ನಾಟಕವನ್ನು ಈಚೆಗೆ ಓದಿದೆ. ಮಗು ಹುಟ್ಟುವ ಮುಂಚೆಯೇ ದೇವರು ಹೇಳಿಬಿಟ್ಟಿದ್ದ, ಇವನು ಅಪ್ಪನನ್ನು ಕೊಲ್ಲುತ್ತಾನೆ ಅಂತ. ತಪ್ಪಿಸಲು ಎಲ್ಲರೂ ಏನೇನೋ ಮಾಡಿದರು, ಆದರೂ ಹಾಗೇ ಆಯಿತು. ಹಾಗಾದರೆ ಅವನ ತಪ್ಪೇನು? ತಪ್ಪಿಲ್ಲ ಅಂದಮೇಲೆ ಕಣ್ಣು ಯಾಕೆ ಚುಚ್ಚಿಕೊಂಡ? ‘ಎಲ್ಲಾ ಹಣೆಬರಹ’ ಅಂತ ನನ್ನ ಗೆಳೆಯ ಹೇಳುತ್ತಾನೆ. ‘ಅವನ ಸಿಟ್ಟೇ ಅವನನ್ನು ಹಾಳು ಮಾಡಿತು’ ಅಂತ ನಾನು. ಯಾರು ಸರಿ?

ಉತ್ತರ: ಈ ಜಗಳ ನನಗೆ ಚೆನ್ನಾಗಿ ಗೊತ್ತು. ಕಾಲೇಜಿನಲ್ಲಿ ಈ ನಾಟಕ ಪಾಠ ಮಾಡಿದಷ್ಟು ವರ್ಷವೂ ತರಗತಿ ಹೀಗೇ ಎರಡು ಪಾಲಾಗುತ್ತಿತ್ತು. ಒಂದು ಕಡೆಯವರು ದೇವರನ್ನು ಬೈಯುತ್ತಿದ್ದರು, ಇನ್ನೊಂದು ಕಡೆಯವರು ಈಡಿಪಸ್‌ನನ್ನು. ಎರಡೂ ಕಡೆಯವರಿಗೆ ನಾನು ಹೇಳುತ್ತಿದ್ದದ್ದು ಒಂದೇ ಮಾತು. ದೇವರು ಏನು ಹೇಳಿದ್ದ, ಏನು ಹೇಳಿರಲಿಲ್ಲ, ಮೊದಲು ಅದನ್ನು ಬೇರೆ ಮಾಡಿ ನೋಡಿ.

ಡೆಲ್ಫಿಯ ಅಪಾಲೋ ಗುಡಿಯಿಂದ ಥೀಬ್ಸ್‌ನ ದೊರೆ ಲಾಯಸ್‌ಗೆ ಬಂದ ಮಾತು: ನಿನಗೆ ಹುಟ್ಟುವ ಮಗನ ಕೈಯಲ್ಲೇ ನಿನಗೆ ಸಾವು. ಮುಂದೆ ಎಷ್ಟೋ ವರ್ಷದ ಮೇಲೆ ಅದೇ ಗುಡಿಯಲ್ಲಿ ಈಡಿಪಸ್‌ಗೆ ಸಿಕ್ಕ ಮಾತು: ನೀನು ತಂದೆಯನ್ನು ಕೊಲ್ಲುತ್ತೀಯ, ತಾಯಿಯನ್ನು ಕೂಡುತ್ತೀಯ, ನೋಡಲಾಗದಂಥ ಸಂತಾನ ಪಡೆಯುತ್ತೀಯ. ಅಷ್ಟೇ. ಈಗ ನಾಟಕದ ಮೊದಲ ಪುಟ ತೆಗೆಯಿರಿ. ಇದೆಲ್ಲ ಆಗಿಹೋಗಿ ವರ್ಷಗಳೇ ಕಳೆದಿವೆ. ಲಾಯಸ್ ಸತ್ತಿದ್ದಾನೆ. ಈಡಿಪಸ್ಸೇ ಈಗ ಥೀಬ್ಸ್‌ನ ದೊರೆ. ಲಾಯಸ್‌ನ ಹೆಂಡತಿ ಜೊಕಾಸ್ಟ ತನ್ನ ಹೆತ್ತ ತಾಯಿ ಅಂತ ಗೊತ್ತಿಲ್ಲದೆ ಅವಳ ಜೊತೆ ಮದುವೆಯಾಗಿದೆ, ನಾಲ್ಕು ಮಕ್ಕಳೂ ಇದ್ದಾರೆ. ಅಪಾಲೋ ಹೇಳಿದ್ದರಲ್ಲಿ ಒಂದೂ ಬಾಕಿ ಇಲ್ಲ.

ಹಾಗಾದರೆ ಸುಮಾರು 1500 ಸಾಲಿನ ನಾಟಕದಲ್ಲಿ ನಾವು ನೋಡುವುದು ಏನನ್ನು? ಒಂದು ದಿನವನ್ನು. ಆ ಒಂದು ದಿನದಲ್ಲಿ ಒಬ್ಬ ಮನುಷ್ಯ ಸತ್ಯವನ್ನು ಹುಡುಕಿ ತೆಗೆಯುವುದನ್ನು. ‘ನಿನಗೆ ಇದು ಒಂದು ದಿನ ಗೊತ್ತಾಗುತ್ತದೆ’ ಅಂತ ಅಪಾಲೋ ಅವನಿಗೆ ಎಲ್ಲೂ ಹೇಳಿಲ್ಲ. ಕೊಲೆ ಮತ್ತು ಮದುವೆ ಹಣೆಬರಹ, ಹುಡುಕಾಟ ಅವನದು. ಇಷ್ಟು ಹಿಡಿದುಕೊಂಡರೆ ಮುಂದಿನ ದಾರಿ ಕಾಣುತ್ತದೆ.

ಸೊಫೋಕ್ಲಿಸ್ ಇದನ್ನು ಬೇಕೆಂದೇ ಹೀಗೆ ಕಟ್ಟಿದ್ದಾನೆ ಅನ್ನುವುದಕ್ಕೆ ಒಂದು ಗುರುತು ಇದೆ. ಅವನಿಗಿಂತ ಹಿರಿಯ ಈಸ್ಕಿಲಸ್ ಇದೇ ಮನೆತನದ ಕಥೆಯನ್ನು ಕ್ರಿ.ಪೂ. 467ರಲ್ಲಿ ಆಡಿಸಿದ್ದ. ಅಲ್ಲಿ ಅಪಾಲೋ ಲಾಯಸ್‌ಗೆ ಮೂರು ಸಲ ಎಚ್ಚರಿಕೆ ಕೊಡುತ್ತಾನೆ: ಮಕ್ಕಳಿಲ್ಲದೆ ಸತ್ತರೆ ನಿನ್ನ ಊರು ಉಳಿಯುತ್ತದೆ. ಅಂದರೆ ಅಲ್ಲಿ ಒಂದು ‘ರೆ’ ಇದೆ. ಕೇಳದೆ ಮಗು ಪಡೆದದ್ದು ಲಾಯಸ್‌ನ ತಪ್ಪು. ಸೊಫೋಕ್ಲಿಸ್ ಆ ‘ರೆ’ಯನ್ನೇ ತೆಗೆದುಹಾಕಿದ. ಇವನ ನಾಟಕದಲ್ಲಿ ಸುಮ್ನೆ ‘ಹೀಗಾಗುತ್ತದೆ’ ಅಂತ ಮಾತ್ರ ಇದೆ. ತಪ್ಪು ಯಾರದು ಅಂತ ಬುಡ ಕೆದಕುವ ದಾರಿಯನ್ನೇ ಮುಚ್ಚಿ, ನಮ್ಮ ಕಣ್ಣನ್ನು ಬೇರೆ ಕಡೆ ತಿರುಗಿಸಿದ್ದಾನೆ.

ಆ ದಿನ ಹೇಗೆ ಶುರುವಾಗುತ್ತದೆ ನೋಡಿ. ಥೀಬ್ಸ್‌ನಲ್ಲಿ ಪಿಡುಗು. ಬೆಳೆ ಒಣಗುತ್ತಿದೆ, ದನ ಸಾಯುತ್ತಿವೆ, ಹೆಂಗಸರ ಹೆರಿಗೆ ಕೆಡುತ್ತಿದೆ. (ಕ್ರಿ.ಪೂ. 430ರಲ್ಲಿ ಅಥೆನ್ಸ್ ನಗರಕ್ಕೇ ಭಯಂಕರ ಪಿಡುಗು ಬಂದಿತ್ತು. ಈ ನಾಟಕ ಅದಾದ ಸ್ವಲ್ಪದರಲ್ಲೇ ಬಂದಿತು ಅಂತ ಬಹಳ ಜನ ವಿದ್ವಾಂಸರು ನಂಬುತ್ತಾರೆ.) ಡೆಲ್ಫಿಗೆ ಹೋಗಿದ್ದ ಮೈದುನ ಕ್ರಿಯಾನ್ ವಾಪಸ್ಸು ಬರುತ್ತಾನೆ. ‘ಎಲ್ಲರೆದುರು ಹೇಳಲೋ, ಒಳಗೆ ಹೋಗಿ ಮಾತಾಡೋಣವೋ?’ ಅಂತ ಕೇಳುತ್ತಾನೆ. ಈಡಿಪಸ್ ಒಂದು ಕ್ಷಣವೂ ಯೋಚಿಸುವುದಿಲ್ಲ. ‘ಎಲ್ಲರೆದುರೇ ಹೇಳು. ನನ್ನ ಜೀವಕ್ಕಿಂತ ಇವರ ದುಃಖ ನನಗೆ ದೊಡ್ಡದು.’

ಅಲ್ಲೇ ಮೊದಲ ಬಾಗಿಲು ಮುಚ್ಚಿತು. ಒಳಗೆ ಹೋಗಿದ್ದರೆ ವಿಷಯ ಅರಮನೆಯೊಳಗೇ ಉಳಿಯುತ್ತಿತ್ತು. ಬೀದಿಯಲ್ಲಿ ಮಾತಾದ ಮೇಲೆ ಹಿಂದೆ ಸರಿಯಲು ಆಗುವುದಿಲ್ಲ. ಲಾಯಸ್‌ನ ಕೊಲೆಗಾರನನ್ನು ಊರಿಂದ ಓಡಿಸಬೇಕು ಎಂಬುದು ದೇವರ ಅಪ್ಪಣೆ. ಈಡಿಪಸ್ ಅದಕ್ಕೆ ತನ್ನದೊಂದು ಶಾಪವನ್ನೂ ಸೇರಿಸುತ್ತಾನೆ. ಆ ಕೊಲೆಗಾರ ನನಗೆ ಗೊತ್ತಿದ್ದೂ ನನ್ನ ಮನೆಯಲ್ಲೇ ಇದ್ದರೆ ಈ ಶಾಪ ನನಗೂ ತಟ್ಟಲಿ ಅನ್ನುತ್ತಾನೆ. ಆ ಮಾತನ್ನು ಯಾರೂ ಅವನ ಬಾಯಿಂದ ಹೊರಡಿಸಲಿಲ್ಲ.

ಎರಡನೆಯವನು ಕುರುಡ ಟೈರೀಸಿಯಸ್. ಕಣಿ ಹೇಳುವವನು, ಎಲ್ಲಾ ಗೊತ್ತಿರುವವನು. ‘ನನ್ನನ್ನು ಮನೆಗೆ ಕಳಿಸು. ನಿನ್ನ ಭಾರ ನೀನು ಹೊರು, ನನ್ನದು ನಾನು ಹೊರುತ್ತೇನೆ’ ಅಂತ ಬೇಡಿಕೊಳ್ಳುತ್ತಾನೆ. ಈಡಿಪಸ್ ಬಿಡುವುದಿಲ್ಲ, ನೀನೇ ಕೊಲೆಯ ಸಂಚು ಮಾಡಿದವನು ಅಂತ ಕೆರಳಿಸುತ್ತಾನೆ. ಇಲ್ಲಿ ನಿಮ್ಮ ಗೆಳೆಯರು ತಡೆದು ಕೇಳಬಹುದು. ‘ಟೈರೀಸಿಯಸ್ಸೇ ಹೇಳ್ತಾನಲ್ಲ, ನಾನು ಬಾಯಿ ಮುಚ್ಚಿಕೊಂಡರೂ ಇದು ಹೊರಗೆ ಬರುತ್ತೆ ಅಂತ? ನೀನು ಕುರುಡನಾಗಿ ಕೋಲು ಹಿಡಿದು ಪರದೇಶಕ್ಕೆ ಹೋಗ್ತೀಯ ಅಂತಲೂ ಹೇಳ್ತಾನೆ. ಅಂದಮೇಲೆ ಅದೂ ಬರೆದಿಟ್ಟದ್ದೇ ಅಲ್ವಾ?’

ಪ್ರಶ್ನೆ ನ್ಯಾಯವಾದದ್ದು. ಸೊಫೋಕ್ಲಿಸ್ ದೇವರನ್ನು ಹುಡುಕಾಟದಿಂದ ಪೂರ್ತಿ ಹೊರಗೆ ಇಟ್ಟಿಲ್ಲ. ಅಪಾಲೋ ಇದನ್ನು ನೋಡಿಕೊಳ್ಳುತ್ತಾನೆ ಅಂತ ಟೈರೀಸಿಯಸ್ ಬಾಯಲ್ಲೇ ಹೇಳಿಸಿದ್ದಾನೆ. ಆದರೆ ಕಾಣುವುದು ಬೇರೆ, ಮಾಡಿಸುವುದು ಬೇರೆ. ಮಹಡಿ ಮೇಲೆ ನಿಂತವನಿಗೆ ಬೀದಿಯ ಎರಡು ತುದಿಯಿಂದ ಬರುವ ಇಬ್ಬರು ಮೂಲೆಯಲ್ಲಿ ಡಿಕ್ಕಿ ಹೊಡೆಯುವುದು ಮೊದಲೇ ಕಾಣುತ್ತದೆ. ಅವರನ್ನು ನಡೆಸುತ್ತಿರುವವನು ಅವನಲ್ಲ. ಟೈರೀಸಿಯಸ್ ಆ ದಿನ ನೋಡಿದ್ದು, ತನ್ನ ಮುಂದೆ ನಿಂತ ಈ ಮನುಷ್ಯ ನಿಲ್ಲಿಸುವವನಲ್ಲ ಅನ್ನುವುದನ್ನು.

ಇನ್ನು ನನಗೆ ಈ ನಾಟಕದಲ್ಲೇ ಜಾಸ್ತಿ ಇಷ್ಟವಾದ ತಿರುವು. ಗಂಡನನ್ನು ಸಮಾಧಾನ ಮಾಡಲು ಜೊಕಾಸ್ಟ ಕಣಿಗಳೆಲ್ಲ ಸುಳ್ಳು ಅಂತ ಉದಾಹರಣೆ ಕೊಡುತ್ತಾಳೆ. ‘ಲಾಯಸ್ ಮಗನ ಕೈಯಲ್ಲಿ ಸಾಯುತ್ತಾನೆ ಅಂದರು. ಅವನನ್ನು ಕೊಂದದ್ದು ಕಳ್ಳರು, ಮೂರು ದಾರಿ ಕೂಡುವ ಜಾಗದಲ್ಲಿ. ಆ ಮಗುವಿನದಂತೂ, ಹುಟ್ಟಿ ಮೂರು ದಿನವಾಗಿರಲಿಲ್ಲ, ಕಾಲಿನ ಗಿಣ್ಣು ಬಿಗಿಸಿ ಬೆಟ್ಟದಲ್ಲಿ ಎಸೆಸಿದರು.’ ಒಂದೇ ಉಸಿರಿನಲ್ಲಿ ಎರಡು ಸುಳಿವು. ಈಡಿಪಸ್ ಅನ್ನುವ ಹೆಸರಿನ ಅರ್ಥವೇ ಊದಿದ ಕಾಲಿನವನು ಅಂತ. ಅವನ ಗಿಣ್ಣಿನ ಮೇಲೆ ಹಳೆಯ ಗಾಯದ ಗುರುತಿದೆ. ಆದರೂ ಅವನ ಕಿವಿಗೆ ಬಿದ್ದದ್ದು ‘ಮೂರು ದಾರಿ’ ಮಾತ್ರ. ಅಲ್ಲೇ ಬೆವರಿಬಿಡುತ್ತಾನೆ. ಅಲ್ಲಿ ಒಬ್ಬ ಮುದುಕನನ್ನು ತಾನು ಕೊಂದದ್ದು ನೆನಪಾಗುತ್ತದೆ. ಕಾಲಿನ ಮಾತು ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ.

ಆಗ ಉಳಿದದ್ದು ಒಂದೇ ಆಸೆ. ತಪ್ಪಿಸಿಕೊಂಡು ಬಂದಿದ್ದ ಆಳು ‘ಕಳ್ಳರು’ ಅಂದಿದ್ದ, ಬಹುವಚನದಲ್ಲಿ. ಒಬ್ಬ ಹಲವರಾಗಲು ಸಾಧ್ಯವಿಲ್ಲ. ಆ ಆಳನ್ನು ಕರೆಸಿ, ಒಬ್ಬನೋ ಹಲವರೋ ಅಂತ ಕೇಳಿಬಿಡೋಣ ಅನ್ನುತ್ತಾನೆ. ಈಗ ಮುಂದಿನದನ್ನು ಎಚ್ಚರದಿಂದ ನೋಡಿ. ಆ ಆಳು ಕೊನೆಗೆ ಬರುತ್ತಾನೆ. ಆದರೆ ಕೊಲೆಯ ಬಗ್ಗೆ ಅವನನ್ನು ಯಾರೂ ಒಂದು ಮಾತೂ ಕೇಳುವುದಿಲ್ಲ! ನಡುವೆ ಕಾರಿಂಥ್‌ನಿಂದ ಒಬ್ಬ ದೂತ ಬಂದು, ನಿನ್ನನ್ನು ಸಾಕಿದ ಕಾರಿಂಥ್‌ನ ದೊರೆ ಪಾಲಿಬಸ್‌ನ ಸ್ವಂತ ಮಗ ನೀನಲ್ಲ, ಬೆಟ್ಟದಲ್ಲಿ ನನ್ನ ಕೈಗೆ ಸಿಕ್ಕ ಮಗು ಅಂದಿರುತ್ತಾನೆ. ಅಲ್ಲಿಂದ ಪ್ರಶ್ನೆಯೇ ಬದಲಾಗುತ್ತದೆ. ‘ಲಾಯಸ್‌ನನ್ನು ಕೊಂದವರು ಯಾರು?’ ಅನ್ನುವುದು ಹೋಗಿ ‘ನಾನು ಯಾರು?’ ಅನ್ನುವುದು ಬರುತ್ತದೆ.

ಕೊಲೆಗಾರನನ್ನು ಹುಡುಕು ಅಂತ ಡೆಲ್ಫಿ ಹೇಳಿತ್ತು. ನಿನ್ನ ಹುಟ್ಟು ಹುಡುಕು ಅಂತ ಯಾವ ದೇವರೂ ಹೇಳಿರಲಿಲ್ಲ. ಈ ಎರಡನೇ ಹುಡುಕಾಟ ಪೂರ್ತಿ ಅವನದೇ. ಜೊಕಾಸ್ಟಳಿಗೆ ಅಷ್ಟು ಹೊತ್ತಿಗೆ ಎಲ್ಲಾ ಅರ್ಥವಾಗಿರುತ್ತದೆ. ‘ನಿನ್ನ ಜೀವದ ಮೇಲೆ ಆಸೆ ಇದ್ದರೆ ಹುಡುಕಬೇಡ. ನನ್ನ ಸಂಕಟವೇ ಸಾಕು’ ಅಂತ ಬೇಡುತ್ತಾಳೆ. ‘ನೀನು ಯಾರು ಅನ್ನುವುದು ನಿನಗೆ ಎಂದೂ ಗೊತ್ತಾಗದಿರಲಿ’ ಅಂತ ಹರಸಿ, ಒಳಗೆ ಓಡುತ್ತಾಳೆ. ಅವನು ತಪ್ಪು ತಿಳಿಯುತ್ತಾನೆ. ನಾನು ಕೀಳು ಕುಲದವನಾದರೆ ಇವಳಿಗೆ ಅವಮಾನ, ಅದಕ್ಕೇ ಹೀಗಾಡುತ್ತಾಳೆ ಅಂದುಕೊಳ್ಳುತ್ತಾನೆ.

ಕೊನೆಗೆ ಆ ಮುದುಕ ಕುರಿಗಾಹಿ. ಕೊಲೆಯಿಂದ ತಪ್ಪಿಸಿಕೊಂಡ ಆಳೂ ಇವನೇ, ಹಿಂದೆ ಮಗುವನ್ನು ಎಸೆಯಲು ಬೆಟ್ಟಕ್ಕೆ ಒಯ್ದವನೂ ಇವನೇ. ಈ ದೃಶ್ಯದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಒಮ್ಮೆ ವಿದ್ಯಾರ್ಥಿಗಳಿಂದ ಈ ನಾಟಕ ಆಡಿಸುತ್ತಿದ್ದೆ. ಕುರಿಗಾಹಿಯ ಪಾತ್ರ ಮಾಡಿದ ಹುಡುಗ ತನ್ನ ಮಾತನ್ನೆಲ್ಲ ಅಳುತ್ತಾ ಹೇಳುತ್ತಿದ್ದ. ಎಷ್ಟು ತಿದ್ದಿದರೂ ಸರಿಯಾಗಲಿಲ್ಲ. ಒಂದು ಸಂಜೆ ಹೆಗಲ ಮೇಲಿನ ಟವೆಲನ್ನು ಸುತ್ತಿ ಅವನ ಕೈಗೆ ಕೊಟ್ಟೆ. ‘ಇದನ್ನ ಮಗು ಅಂತ ಹಿಡ್ಕೋ. ಕಾಲಿಗೆ ತೂತು ಹಾಕಿದಾರೆ. ಇನ್ನೂ ಉಸಿರಾಡ್ತಿದೆ. ಈಗ ಹೇಳು’ ಅಂದೆ. ದೊರೆ ಕೇಳಿದ: ‘ಸಾಯಿಸು ಅಂತ ಕೊಟ್ಟ ಮಗುವನ್ನ ಇವನ ಕೈಗೆ ಯಾಕೆ ಕೊಟ್ಟೆ?’ ಹುಡುಗ ಟವೆಲನ್ನೇ ನೋಡುತ್ತಾ ನಿಂತ. ತುಂಬ ಹೊತ್ತಾದ ಮೇಲೆ ಮೆತ್ತಗೆ ಹೇಳಿದ: ‘ಅಯ್ಯೋ ಪಾಪ ಅನ್ನಿಸ್ತು, ಒಡೆಯಾ.’ ಜೊಕಾಸ್ಟ ಆಗಿದ್ದ ಹುಡುಗಿ ಪಕ್ಕದಲ್ಲಿ ಕೂತಿದ್ದಳು. ಅವಳು ಮುಖ ಮುಚ್ಚಿಕೊಂಡಳು.

ಆ ಒಂದು ಮಾತು ಇಡೀ ವಾದವನ್ನೇ ತಿರುಗಿಸಿಬಿಡುತ್ತದೆ. ಈ ಕುರಿಗಾಹಿ ಮತ್ತು ಕಾರಿಂಥ್‌ನವನು ಸಿಥೆರಾನ್ ಬೆಟ್ಟದಲ್ಲಿ ಮೂರು ವರ್ಷ, ವರ್ಷಕ್ಕೆ ಆರಾರು ತಿಂಗಳು, ಒಟ್ಟಿಗೆ ಮೇಯಿಸಿದವರು. ಇವನದು ಎರಡು ಹಿಂಡು, ಅವನದು ಒಂದು. ಆ ಸ್ನೇಹದ ಮೇಲೆ ಮಗುವನ್ನು ಕೊಟ್ಟ. ದೂರದ ಊರಿಗೆ ಒಯ್ದು ಸಾಕಿಕೊಳ್ಳಲಿ ಅಂತ. ಅವನು ಕ್ರೂರಿಯಾಗಿದ್ದರೆ ಮಗು ಅಲ್ಲೇ ಸಾಯುತ್ತಿತ್ತು, ಕಣಿಯೂ ಅಲ್ಲಿಗೇ ಮುಗಿಯುತ್ತಿತ್ತು. ದೈವದ ಮಾತು ನಿಜವಾದದ್ದು ಒಬ್ಬ ಬಡವನ ಕರುಣೆಯ ಕೈ ಹಿಡಿದು. ಕರುಣೆ ತೋರಿಸು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಕೊಲ್ಲು ಅಂತ ಹೇಳಿದ್ದರು. ಇದು ಸ್ವಂತ ಇಚ್ಛೆಯೋ, ವಿಧಿಯೋ? ನನಗಂತೂ ಎರಡನ್ನೂ ಬಿಡಿಸಿ ಇಡಲು ಆಗುವುದಿಲ್ಲ. ಎರಡೂ ಒಂದೇ ಹಗ್ಗದ ಎಳೆಗಳು.

ಗ್ರೀಕರಲ್ಲೇ ಇದನ್ನು ತಲೆ ಕೆಡಿಸಿಕೊಂಡು ಯೋಚಿಸಿದವರಿದ್ದರು. ಕ್ರಿ.ಪೂ. 3ನೇ ಶತಮಾನದ ಕ್ರಿಸಿಪ್ಪಸ್ ಎಂಬ ದಾರ್ಶನಿಕ ಈ ಕಥೆಯನ್ನೇ ಉದಾಹರಣೆಗೆ ತೆಗೆದುಕೊಂಡ. ಲಾಯಸ್‌ಗೆ ಈಡಿಪಸ್ ಹುಟ್ಟುತ್ತಾನೆ ಅನ್ನುವುದು ವಿಧಿ ಅಂತಲೇ ಇಟ್ಟುಕೊಳ್ಳಿ. ಲಾಯಸ್ ಹೆಣ್ಣಿನ ಜೊತೆ ಕೂಡಿದರೂ ಸರಿ, ಕೂಡದಿದ್ದರೂ ಸರಿ, ಮಗು ಹುಟ್ಟೇ ಹುಟ್ಟುತ್ತೆ ಅನ್ನಲು ಆಗುತ್ತದೆಯೇ? ಆಗುವುದಿಲ್ಲ. ಮನುಷ್ಯರು ಮಾಡುವ ಕೆಲಸವೂ ಆ ವಿಧಿಯ ಒಳಗೇ ಸೇರಿದೆ. ‘ಹೇಗೂ ಆಗೋದು ಆಗುತ್ತೆ, ಕೈಕಟ್ಟಿ ಕೂರೋಣ’ ಅನ್ನುವುದಕ್ಕೆ ಆ ಕಾಲದವರು ಸೋಮಾರಿ ವಾದ ಅಂತಲೇ ಹೆಸರಿಟ್ಟಿದ್ದರು.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. ಸಿಟ್ಟಿನಿಂದ ಕೆಟ್ಟ ಅನ್ನುವುದನ್ನು ಗೈಡುಗಳಲ್ಲಿ ‘ದುರಂತ ದೋಷ’ ಅಂತ ಬರೆದಿರುತ್ತಾರೆ. ಅರಿಸ್ಟಾಟಲ್ ಬಳಸಿದ ಪದ ಹಮಾರ್ಷಿಯ. ಬಾಣ ಗುರಿ ತಪ್ಪುವುದಕ್ಕೂ ಅದೇ ಪದ. ಅಂದರೆ ಗೊತ್ತಿಲ್ಲದೆ ಆದ ದೊಡ್ಡ ತಪ್ಪು, ಗುಣದೋಷವೇ ಆಗಬೇಕೆಂದಿಲ್ಲ. ಈಡಿಪಸ್ ಮುಂಗೋಪಿ, ನಿಜ. ಆದರೆ ಆ ಮೂರು ದಾರಿಯ ಜಾಗದಲ್ಲಿ ಮೊದಲು ಅವನನ್ನು ದಾರಿಯಿಂದ ತಳ್ಳಿದ್ದು ಗಾಡಿಯವರು. ಅವನು ಗಾಡಿ ಹೊಡೆಯುವವನಿಗೆ ಹೊಡೆದ. ಹಾದುಹೋಗುವಾಗ ಗಾಡಿಯೊಳಗಿನ ಮುದುಕ ಮುಳ್ಳುಗೋಲಿನಿಂದ ಅವನ ನಡುನೆತ್ತಿಗೆ ಬಾರಿಸಿದ. ಅದಕ್ಕೆ ತಿರುಗಿ ಕೋಲಿನಿಂದ ಹೊಡೆದ. ಸಿಟ್ಟು ಇದ್ದವರೆಲ್ಲ ತಂದೆಯನ್ನು ಕೊಲ್ಲುವುದಿಲ್ಲ, ತಾಯಿಯನ್ನು ಮದುವೆಯಾಗುವುದಿಲ್ಲ. ಆ ಗುಣಕ್ಕೂ ಈ ಶಿಕ್ಷೆಗೂ ತೂಕವೇ ಸರಿಹೋಗುವುದಿಲ್ಲ.

ಅವನು ಗುರಿ ತಪ್ಪಿದ್ದು ಅದಕ್ಕೂ ಮುಂಚೆ ಅಂತ ನನ್ನ ಅನಿಸಿಕೆ. ಕಾರಿಂಥ್‌ನಲ್ಲಿ ಒಂದು ಊಟದ ಹೊತ್ತು, ಕುಡಿದ ಒಬ್ಬ ‘ನೀನು ನಿಮ್ಮಪ್ಪನ ಮಗ ಅಲ್ಲ’ ಅಂದುಬಿಟ್ಟಿದ್ದ. ಅದು ಮನಸ್ಸಿಗೆ ಚುಚ್ಚಿ, ಅಪ್ಪ ಅಮ್ಮನಿಗೆ ಹೇಳದೆ ಡೆಲ್ಫಿಗೆ ಹೋಗಿದ್ದ. ಕೇಳಲು ಹೋದ ಪ್ರಶ್ನೆ: ನನ್ನ ತಂದೆ ತಾಯಿ ಯಾರು? ಅದಕ್ಕೆ ಉತ್ತರ ಸಿಗಲಿಲ್ಲ. ಬೇರೆಯದೇ ಒಂದು ಘೋರವಾದ ಮಾತು ಸಿಕ್ಕಿತು. ಆ ಭಯದಲ್ಲಿ ತಾನು ಕೇಳಲು ಬಂದದ್ದನ್ನೇ ಮರೆತ. ಪಾಲಿಬಸ್ಸೇ ತಂದೆ ಅಂತ ಗಟ್ಟಿ ಮಾಡಿಕೊಂಡು ಕಾರಿಂಥ್‌ಗೆ ಬೆನ್ನು ಹಾಕಿ ನಡೆದ. ಅನುಮಾನದಿಂದ ಹೊರಟವನು ಅನುಮಾನವನ್ನು ಗುಡಿಯಲ್ಲೇ ಬಿಟ್ಟು ಬಂದ. ಇದರಲ್ಲಿ ದುಷ್ಟತನ ಎಲ್ಲಿದೆ? ಹೆದರಿದ ಹುಡುಗ, ಅಪ್ಪ ಅಮ್ಮನಿಗೆ ಕೇಡಾಗದಿರಲಿ ಅಂತ ಓಡಿದ.

ಗೆಳೆಯರ ‘ಹಣೆಬರಹ’ದ ಬಗ್ಗೆಯೂ ಒಂದು ಮಾತು. ನಾವು ಆ ಪದ ಆಡುವಾಗ ಅದರ ಹಿಂದೆ ಕರ್ಮದ ಲೆಕ್ಕ ಇರುತ್ತದೆ. ಹಿಂದಿನ ಜನ್ಮದಲ್ಲಿ ಏನೋ ಮಾಡಿರಬೇಕು ಅಂತ ಒಂದು ಸಮಾಧಾನ. ಸೊಫೋಕ್ಲಿಸ್ ಆ ಸಮಾಧಾನ ಕೊಡುವುದಿಲ್ಲ. ಲಾಯಸ್ ಹಿಂದೆ ಮಾಡಿದ ಪಾಪದ ಕಥೆ ಬೇರೆ ಕಡೆ ಬರುತ್ತದೆ, ಈ ನಾಟಕದಲ್ಲಿ ಅದರ ಸುದ್ದಿಯೇ ಇಲ್ಲ. ಗ್ರೀಕರ ಪದ ಮೊಯ್ರ. ಅದರ ಮೂಲ ಅರ್ಥ ಪಾಲು. ಊಟಕ್ಕೆ ಕೂತಾಗ ಎಲೆಗೆ ಬಿದ್ದದ್ದು ಇದ್ದ ಹಾಗೆ. ಯಾಕೆ ನನಗಿಷ್ಟು, ಅವನಿಗಷ್ಟು ಅಂದರೆ ಲೆಕ್ಕ ಇಲ್ಲ. ನಾವು ‘ಪಾಲಿಗೆ ಬಂದದ್ದು ಪಂಚಾಮೃತ’ ಅನ್ನುತ್ತೇವೆ. ಈಡಿಪಸ್‌ನ ಪಾಲಿಗೆ ಬಂದದ್ದು ವಿಷ. ಅದಕ್ಕೆ ಕಾರಣ ಕೇಳಿದರೆ ನಾಟಕ ಸುಮ್ಮನಿರುತ್ತದೆ. ಅದನ್ನು ಓದುವಾಗ ಹೊಟ್ಟೆಯಲ್ಲಿ ಆಗುವ ಸಂಕಟಕ್ಕೆ ಇದೇ ಕಾರಣ ಇರಬೇಕು.

ಕಣ್ಣಿನ ವಿಷಯ ಉಳಿಯಿತು. ಕುರಿಗಾಹಿ ‘ಅಯ್ಯೋ, ಹೇಳಬಾರದ್ದರ ಅಂಚಿಗೆ ಬಂದುಬಿಟ್ಟೆ’ ಅನ್ನುತ್ತಾನೆ. ಈಡಿಪಸ್ ‘ನಾನು ಕೇಳಬಾರದ್ದರ ಅಂಚಿಗೆ. ಆದರೂ ಕೇಳಲೇಬೇಕು’ ಅನ್ನುತ್ತಾನೆ. ಅಷ್ಟು ಹೊತ್ತಿಗೆ ಅವನಿಗೂ ಎಲ್ಲಾ ಗೊತ್ತಾಗಿಹೋಗಿದೆ, ಆದರೂ ನಿಲ್ಲುವುದಿಲ್ಲ. ಒಳಗೆ ಜೊಕಾಸ್ಟ ನೇಣು ಹಾಕಿಕೊಂಡಿದ್ದಾಳೆ. ಅವಳನ್ನು ಇಳಿಸಿ ಮಲಗಿಸಿ, ಅವಳ ಉಡುಪಿನ ಚಿನ್ನದ ಪಿನ್ನುಗಳನ್ನು ಕಿತ್ತು ತನ್ನ ಕಣ್ಣಿಗೆ ಮತ್ತೆ ಮತ್ತೆ ಚುಚ್ಚಿಕೊಳ್ಳುತ್ತಾನೆ. ಹೊರಗೆ ಬಂದಾಗ ಮೇಳದವರು ಕೇಳುತ್ತಾರೆ, ಯಾವ ದೈವ ನಿನ್ನನ್ನು ಹೀಗೆ ಮಾಡಿಸಿತು ಅಂತ. ಅವನು ಕೊಡುವ ಉತ್ತರವೇ ನಿಮ್ಮ ಪ್ರಶ್ನೆಗೂ ಉತ್ತರ. ‘ಅಪಾಲೋ, ಗೆಳೆಯರೇ, ಅಪಾಲೋ. ನನ್ನ ಈ ಕೇಡನ್ನೆಲ್ಲ ತಂದವನು ಅವನೇ. ಆದರೆ ಕಣ್ಣಿಗೆ ಹೊಡೆದ ಕೈ ಬೇರೆ ಯಾರದೂ ಅಲ್ಲ, ನನ್ನದು.’

‘ಹಣೆಬರಹಕ್ಕೆ ಹೊಣೆ ಯಾರು’ ಅಂತ ನಮ್ಮಲ್ಲಿ ಕೈಚೆಲ್ಲುವಾಗ ಆಡುವ ಮಾತು. ಈಡಿಪಸ್ ಅದನ್ನೇ ನಿಜವಾದ ಪ್ರಶ್ನೆ ಮಾಡಿಕೊಂಡು ಉತ್ತರ ಹುಡುಕುತ್ತಾನೆ. ಬರಹ ಅಪಾಲೋನದು, ಕೈ ನನ್ನದು. ಕಣ್ಣೇ ಯಾಕೆ ಅನ್ನುವುದಕ್ಕೂ ಅವನೇ ಕಾರಣ ಕೊಡುತ್ತಾನೆ. ಸತ್ತ ಮೇಲೆ ಅಪ್ಪನನ್ನು, ಅಮ್ಮನನ್ನು ಯಾವ ಕಣ್ಣಿಂದ ನೋಡಲಿ? ಇದ್ದಾಗ ಈ ಮಕ್ಕಳನ್ನು ಯಾವ ಕಣ್ಣಿಂದ ನೋಡಲಿ? ಅದು ತಪ್ಪಿತಸ್ಥನ ಲೆಕ್ಕಾಚಾರ ಅಲ್ಲ. ತಲೆ ಎತ್ತಿ ನೋಡಲಾಗದವನ ನಾಚಿಕೆ, ದುಃಖ.

ಇನ್ನೊಂದು ವಿಷಯ ನಿಮಗೆ ಹೇಳಲೇಬೇಕು. ಸೊಫೋಕ್ಲಿಸ್ ಇದನ್ನು ಇಲ್ಲಿಗೇ ಬಿಡಲಿಲ್ಲ. ತೊಂಬತ್ತರ ಹತ್ತಿರ ಬಂದಾಗ ಮತ್ತೆ ಇದೇ ಮನುಷ್ಯನ ಬಗ್ಗೆ ‘ಕೊಲೋನಸ್‌ನಲ್ಲಿ ಈಡಿಪಸ್’ ಬರೆದ. ಅವನು ತೀರಿಕೊಂಡ ಮೇಲೆ, ಕ್ರಿ.ಪೂ. 401ರಲ್ಲಿ, ಮೊಮ್ಮಗ ಅದನ್ನು ರಂಗಕ್ಕೆ ತಂದ. ಅಲ್ಲಿ ಈಡಿಪಸ್ ಕುರುಡ, ಮುದುಕ, ಮಗಳ ಕೈ ಹಿಡಿದು ಅಲೆಯುವವನು. ಕ್ರಿಯಾನ್ ಅವನನ್ನು ತಂದೆಯನ್ನು ಕೊಂದವನು ಅಂತ ಹಂಗಿಸಿದಾಗ ಕೆಂಡವಾಗಿ ಕೇಳುತ್ತಾನೆ. ‘ಈಗ ಇಲ್ಲೇ ಒಬ್ಬ ನಿನ್ನನ್ನು ಕೊಲ್ಲಲು ಬಂದರೆ, ನೀನು ನನ್ನಪ್ಪನೇ ಅಂತ ವಿಚಾರಿಸುತ್ತೀಯೋ, ತಿರುಗಿ ಹೊಡೆಯುತ್ತೀಯೋ?’ ಕೊಲೆ, ಮದುವೆ ನಾನು ಮಾಡಿದ್ದಲ್ಲ, ಅನುಭವಿಸಿದ್ದು ಅಂತ ಗಟ್ಟಿಯಾಗಿ ಹೇಳುತ್ತಾನೆ. ಕಣ್ಣಿನ ಮಾತು ಬಂದಾಗ ಮಾತ್ರ ಬೇರೆ ರಾಗ. ಸಿಟ್ಟು, ಸಂಕಟ ಇಳಿದ ಮೇಲೆ, ನನ್ನ ತಪ್ಪಿಗಿಂತ ಜಾಸ್ತಿ ಶಿಕ್ಷೆ ಕೊಟ್ಟುಕೊಂಡೆ ಅನ್ನಿಸಿತು ಅನ್ನುತ್ತಾನೆ. ಅಲ್ಲೂ ಕಣ್ಣಿನ ವಿಷಯದಲ್ಲಿ ದೇವರ ಮೇಲೆ ಹಾಕುವುದಿಲ್ಲ. ಕೈ ಆಗಲೂ ಅವನದೇ.